ಕೊಂಡ ವಸ್ತು ಯಾರದು?

ಹಣ ಕೊಟ್ಟು ಕೊಂಡ ವಸ್ತು ಕೊಂಡವನದು. ಇದರಲ್ಲಿ ಸಂದೇಹಪಡುವುದಕ್ಕೆ ಏನಿದೆ ಎಂದು ಯಾರಾದರೂ ಕೇಳಬಹುದು. ಸಂತೆಯಲ್ಲಿ ಕೊಂಡ ಹಸು ಹಟ್ಟಿಗೆ ಬಂದಮೇಲೆ ಅದನ್ನು ಮೇಯಿಸುವವರು ನಾವು, ಕರೆಯುವವರು ನಾವು, ಬೇಕೆಂದರೆ ನೆರೆಯವನ ಗದ್ದೆಯಲ್ಲಿ ಕಟ್ಟುವವರೂ ನಾವೇ. ಮಾರಿದವನು ಮಾರನೆಯ ದಿನ ಬಂದು, “ಹಸು ನಿಮ್ಮದು, ಅದಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ಕರೆಯುವ ಬಗೆಯನ್ನು ಮಾತ್ರ ನಾನು ಹೇಳಿಕೊಡುವುದಿಲ್ಲ, ನನ್ನ ಆಳೇ ಬಂದು ಕರೆಯಬೇಕು, ಆ ಆಳು ನಿಮ್ಮ ಬೀದಿಗೆ ಕಾಲಿಡುವುದಿಲ್ಲ” ಎಂದರೆ ಊರಿಗೆ ಊರೇ ನಕ್ಕೀತು. ಆದರೆ ಎಷ್ಟೋ ವರ್ಷಗಳಿಂದ ನಾವು, ಓದುಬರಹ ಬಲ್ಲ ಪಟ್ಟಣದ ಜನ, ಇಂಥ ಹಸುಗಳನ್ನೇ ಕೊಂಡು ತಂದು ಕಟ್ಟುತ್ತಿದ್ದೇವೆ. ಯಾರೂ ನಗುತ್ತಿಲ್ಲ.

ನಾನು ಹೇಳುತ್ತಿರುವುದು ಕಂಪ್ಯೂಟರಿನ ವಿಷಯ. ಹಳಗನ್ನಡದ ಪಾಠ ಹೇಳುವವನಿಗೆ ಈ ಉಸಾಬರಿ ಏಕೆ ಎಂಬ ಪ್ರಶ್ನೆ ಸಹಜವೇ. ಕಾರಣ ಇಷ್ಟು. ನಮ್ಮ ಕಾಲೇಜಿನ ಕನ್ನಡ ವಿಭಾಗದಲ್ಲಿ ಏಳು ಕಂಪ್ಯೂಟರುಗಳಿವೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆಯಿಂದ ಬರುವ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋಗಿ, ಅಜ್ಜಿಯರ ಬಾಯಿಂದ ಕೇಳಿ ಬರೆದುಕೊಂಡು ಬಂದ ಬೀಸುವ ಪದ, ನಾಟಿ ಪದ, ಸೋಬಾನೆ ಪದಗಳನ್ನು ಹನ್ನೆರಡು ವರ್ಷಗಳಿಂದ ಅವುಗಳಲ್ಲಿ ಬೆರಳಚ್ಚು ಮಾಡಿ ಇಟ್ಟಿದ್ದೇವೆ. ಹಾಡಿದವರಲ್ಲಿ ಹಲವರು ಈಗ ಇಲ್ಲ. ೨೦೨೫ರ ಅಕ್ಟೋಬರಿನಲ್ಲಿ ಆ ಯಂತ್ರಗಳನ್ನು ನಡೆಸುತ್ತಿದ್ದ ಆಪರೇಟಿಂಗ್ ಸಿಸ್ಟಮಿಗೆ ತಯಾರಕರ ಬೆಂಬಲ ನಿಂತಿತು. ಅದರ ಹೊಸ ಆವೃತ್ತಿಯನ್ನು ಹಾಕಿಕೊಳ್ಳುವ ಯೋಗ್ಯತೆ ಈ ಹಳೆಯ ಯಂತ್ರಗಳಿಗೆ ಇಲ್ಲವಂತೆ. ಗುಜರಿಗೆ ಹಾಕಿ ಹೊಸದಕ್ಕೆ ಅರ್ಜಿ ಬರೆಯಿರಿ ಎಂಬ ಸಲಹೆ ಬಂತು. ಅರ್ಜಿಗಳ ಗತಿಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಆಗ ಬಿ.ಸಿ.ಎ. ತರಗತಿಯ ಹುಡುಗನೊಬ್ಬ ಬಂದು, “ಸಾರ್, ಮೆಷಿನ್ನು ಚೆನ್ನಾಗೇ ಇದೆ. ಲಿನಕ್ಸ್ ಹಾಕಿದ್ರೆ ಇನ್ನೂ ಐದು ವರ್ಷ ಓಡುತ್ತೆ” ಎಂದ. ಯಾರ ಅಪ್ಪಣೆಯೂ ಬೇಡದೆ ಯಾರು ಬೇಕಾದರೂ ಬಳಸಬಹುದಾದ, ಒಳಗನ್ನು ಬಿಚ್ಚಿ ನೋಡಿ ತಿದ್ದಿಕೊಳ್ಳಬಹುದಾದ, ಪರರಿಗೂ ಹಂಚಬಹುದಾದ ವ್ಯವಸ್ಥೆ ಅದು. ಹಾಕಿದೆವು. ಏಳರಲ್ಲಿ ನಾಲ್ಕು ಯಂತ್ರಗಳು ಏನೂ ತಕರಾರಿಲ್ಲದೆ ಎದ್ದು ನಿಂತವು. ಮಿಕ್ಕ ಮೂರಕ್ಕೆ ವೈಫೈ ಕಾಣಿಸಲಿಲ್ಲ. ಪ್ರಿಂಟರಂತೂ ಏಳಕ್ಕೂ ಮೂಕವಾಯಿತು. ನನ್ನ ಈ ಬರಹದ ಪ್ರಶ್ನೆ ಹುಟ್ಟಿದ್ದು ಆ ಮೂರು ಯಂತ್ರ, ಒಂದು ಪ್ರಿಂಟರಿನಿಂದ.

ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಂಪ್ಯೂಟರಿನೊಳಗಿನ ಪ್ರತಿಯೊಂದು ಅಂಗಕ್ಕೂ ತನ್ನದೇ ಆದ ಮಾತಿದೆ: ಇಂಥ ಸಂಜ್ಞೆ ಕೊಟ್ಟರೆ ಏಳು, ಇಂಥದಕ್ಕೆ ಕೇಳಿಸಿಕೋ, ಇಂಥದಕ್ಕೆ ಸುಮ್ಮನಿರು ಎಂದು. ಆಪರೇಟಿಂಗ್ ಸಿಸ್ಟಮಿಗೂ ಈ ಅಂಗಗಳಿಗೂ ನಡುವೆ ನಿಂತು ಮಾತನಾಡಿಸುವ ದುಭಾಷಿಗೆ ಡ್ರೈವರ್ ಎಂದು ಹೆಸರು. (ಬಸ್ಸಿನ ಡ್ರೈವರಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಇವನೂ ಬರದಿದ್ದರೆ ವಾಹನ ನಿಂತಲ್ಲೇ ನಿಂತಿರುತ್ತದೆ.) ಪ್ರತಿ ಅಂಗವೂ ತನ್ನ ಮೈಮೇಲೆ ಎರಡು ಸಂಖ್ಯೆಗಳನ್ನು ಹೊತ್ತಿರುತ್ತದೆ, ಒಂದು ತಯಾರಕನದು, ಇನ್ನೊಂದು ಆ ಮಾದರಿಯದು. ನಮ್ಮ ಕಡೆಯ ಹೆಸರುಗಳಲ್ಲಿ ಮೊದಲು ಊರು, ಆಮೇಲೆ ಆಸಾಮಿ ಬರುವಂತೆ. ಇಂಟೆಲ್ ಕಂಪನಿ ತನ್ನ ಊರ ಹೆಸರಾಗಿ ೮೦೮೬ ಎಂಬ ಸಂಖ್ಯೆಯನ್ನು ಇಟ್ಟುಕೊಂಡಿದೆ. ಅದು ಆ ಕಂಪನಿಯ ಪ್ರಸಿದ್ಧವಾದ ಹಳೆಯ ಚಿಪ್ಪಿನ ಹೆಸರು. ಕಂಪನಿಗಳಿಗೂ ಕುಲಾಭಿಮಾನ ಉಂಟು. ಲಿನಕ್ಸಿನ ತಿರುಳಾದ ಕರ್ನಲ್ಲು ಈ ಸಂಖ್ಯೆಗಳನ್ನು ಓದಿ, ತನ್ನ ಪಟ್ಟಿಯಲ್ಲಿ ತಕ್ಕ ದುಭಾಷಿಯನ್ನು ಹುಡುಕುತ್ತದೆ. ಸಿಕ್ಕರೆ ಮಾತುಕತೆ, ಸಿಗದಿದ್ದರೆ ಎಲ್ಲವೂ ಇದ್ದು ಏನೂ ಇಲ್ಲ.

ದುಭಾಷಿ ಸಿಕ್ಕರೂ ಕೆಲವು ವೇಳೆ ಸಾಲದು. ವೈಫೈ ಚಿಪ್ಪುಗಳಲ್ಲಿ ಅನೇಕವು ಹುಟ್ಟಾ ಪೆದ್ದು. ವಿದ್ಯುತ್ತು ಹರಿದೊಡನೆ ಅವಕ್ಕೆ ಹೊರಗಿನಿಂದ ಬುದ್ಧಿಯನ್ನು ತುಂಬಬೇಕು. ಆ ಬುದ್ಧಿಗೆ ಫರ್ಮ್‌ವೇರ್ ಎನ್ನುತ್ತಾರೆ. ಅದನ್ನು ಬರೆದವನು ತಯಾರಕ. ಅದರ ಅರ್ಥ ಬಲ್ಲವನೂ ಅವನೊಬ್ಬನೇ. ನಮಗೆ ಕೊಡುವುದು ಬರಿಯ ಸೊನ್ನೆ ಒಂದುಗಳ ಗಂಟು. ಈ ಗಂಟನ್ನು ಇಂಟರ್ನೆಟ್ಟಿನಿಂದ ತರಬೇಕು. ಇಂಟರ್ನೆಟ್ಟು ಬರಬೇಕಾದರೆ ಗಂಟು ಬೇಕು. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಎಂಬ ಗಾದೆಯನ್ನು ಯಾರೋ ಈ ಸಂದರ್ಭಕ್ಕೆಂದೇ ಮುಂಚಿತವಾಗಿ ಮಾಡಿಟ್ಟಂತಿದೆ. ಹುಡುಗ ತನ್ನ ಮೊಬೈಲನ್ನು ತಂತಿಯಿಂದ ಸೇರಿಸಿ, ಅದರ ಮೂಲಕ ಗಂಟನ್ನು ತರಿಸಿ ಎರಡು ಯಂತ್ರಗಳ ಹುಚ್ಚು ಬಿಡಿಸಿದ. ಮೂರನೆಯದರ ಚಿಪ್ಪಿಗೆ ಯಾವ ದುಭಾಷಿಯೂ ಇರಲಿಲ್ಲ.

ಪ್ರಿಂಟರಿನ ಕತೆ ಬೇರೆ. ಕೆಲವು ಪ್ರಿಂಟರುಗಳು ಪುಟವನ್ನು ವರ್ಣಿಸುವ ಭಾಷೆಯನ್ನು ತಾವೇ ಬಲ್ಲವು. ಅಡೋಬಿಯವರು ೧೯೮೪ರಲ್ಲಿ ಹೊರತಂದ ಪೋಸ್ಟ್‌ಸ್ಕ್ರಿಪ್ಟ್ ಅಂಥದೊಂದು. ಅದರ ವ್ಯಾಕರಣ ಅಚ್ಚಾಗಿದೆ, ಯಾರು ಬೇಕಾದರೂ ಓದಿ ಅಂಥ ಪ್ರಿಂಟರಿನೊಡನೆ ಮಾತನಾಡಬಹುದು. ಅಗ್ಗದ ಪ್ರಿಂಟರುಗಳಲ್ಲಿ ಈ ವಿದ್ಯೆ ಇರುವುದಿಲ್ಲ. ಪುಟವನ್ನು ಚುಕ್ಕೆ ಚುಕ್ಕೆಯಾಗಿ ಸಿದ್ಧಪಡಿಸುವ ಕೆಲಸವನ್ನು ಕಂಪ್ಯೂಟರಿಗೇ ಬಿಟ್ಟು, ಆ ಚುಕ್ಕೆಗಳನ್ನು ತಮ್ಮ ಮನೆಯ ಗುಟ್ಟಿನ ಮಾತಿನಲ್ಲಿ ಮಾತ್ರ ಸ್ವೀಕರಿಸುತ್ತವೆ. ಗುಟ್ಟನ್ನು ಬಲ್ಲ ಡ್ರೈವರನ್ನು ಕಂಪನಿ ಒಂದು ವ್ಯವಸ್ಥೆಗೆ ಬರೆದು ಕೊಡುತ್ತದೆ, ಇನ್ನೊಂದಕ್ಕೆ ಕೊಡುವುದಿಲ್ಲ; ಕೊಟ್ಟರೂ ನಾಲ್ಕು ವರ್ಷ ಕಳೆದಮೇಲೆ ತಿರುಗಿ ನೋಡುವುದಿಲ್ಲ. ನಮ್ಮ ಪ್ರಿಂಟರು ಈ ಜಾತಿಯದು. ಯಾವ ಕಂಪನಿಯದೆಂಬುದು ಇಲ್ಲಿ ಅಪ್ರಸ್ತುತ.

ಈಗ ಪ್ರಶ್ನೆ. ಒಂದು ಯಂತ್ರಕ್ಕೂ ಇನ್ನೊಂದಕ್ಕೂ ಹೊಂದದಿರುವುದು ಯಾರ ಅಪರಾಧ? ಅಥವಾ ಅದು ಅಪರಾಧವೇ?

ಹೊಂದದಿರುವುದು ತಾನಾಗಿ ಯಾರ ಪಾಪವೂ ಅಲ್ಲ ಎಂದೇ ನನ್ನ ಅಭಿಪ್ರಾಯ. ೧೮೮೨ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಬಂದ ರೈಲು ಹಾದಿ ಮೀಟರ್ ಗೇಜಿನದು. ಮದರಾಸಿನಿಂದ ಬೆಂಗಳೂರಿಗೆ ಬಂದದ್ದು ಐದೂವರೆ ಅಡಿಯ ಬ್ರಾಡ್‌ಗೇಜಿನದು. ನಮ್ಮ ಅಜ್ಜಂದಿರು ಬೆಂಗಳೂರಿನಲ್ಲಿ ಒಂದು ಗಾಡಿ ಇಳಿದು ಇನ್ನೊಂದಕ್ಕೆ ಹತ್ತುತ್ತಿದ್ದರು. ೧೯೯೦ರ ದಶಕದಲ್ಲಿ ಮೈಸೂರಿನ ಹಳಿ ಅಗಲವಾಗುವವರೆಗೆ ನಾವೂ ಹತ್ತಿದ್ದೇವೆ. ಬೈದುಕೊಂಡದ್ದೂ ಉಂಟು. ಆದರೆ ಮೋಸ ಹೋದೆವೆಂದು ಯಾರಿಗೂ ಅನ್ನಿಸಲಿಲ್ಲ. ಏಕೆಂದರೆ ಹಳಿಯ ಅಗಲ ಬಯಲಿನಲ್ಲಿ ಮಲಗಿತ್ತು. ಗಜಕಡ್ಡಿ ಹಿಡಿದು ಯಾರು ಬೇಕಾದರೂ ಅಳೆಯಬಹುದಾಗಿತ್ತು, ಹಣವಿದ್ದವನು ಅದಕ್ಕೆ ಹೊಂದುವ ಗಾಡಿ ಕಟ್ಟಬಹುದಾಗಿತ್ತು. ಹೊಂದಾಣಿಕೆ ಇಲ್ಲದಿರುವುದು ಒಂದು, ಹೊಂದಿಸಿಕೊಳ್ಳುವ ದಾರಿಯನ್ನು ಮುಚ್ಚಿಡುವುದು ಇನ್ನೊಂದು. ಮೊದಲನೆಯದು ಅನನುಕೂಲ, ಎರಡನೆಯದು ನೀತಿಯ ಕ್ಷೇತ್ರಕ್ಕೆ ಸೇರಿದ ವಿಷಯ.

ಹೂಟಗಳ್ಳಿಯಲ್ಲಿರುವ ನನಗೆ ಈ ವಿವೇಚನೆಯನ್ನು ತಿಳಿಯಾಗಿ ಹೇಳಿದವರು ಯಾವ ದಾರ್ಶನಿಕರೂ ಅಲ್ಲ. ಈ ಊರು ನಗರಸಭೆಯಾದದ್ದು ಮೊನ್ನೆ ಮೊನ್ನೆ. ಆದರೆ ಕೈಗಾರಿಕಾ ಪ್ರದೇಶವಾಗಿ ಹಳತು. ಒಂದು ಕಡೆ ಹೌಸಿಂಗ್ ಬೋರ್ಡಿನ ಕಾಲನಿ, ಇನ್ನೊಂದು ಕಡೆ ದೊಡ್ಡ ಕಾರ್ಖಾನೆಗಳು, ಅವುಗಳ ನೆರಳಿನಲ್ಲಿ ಲೇತು ಮೆಷಿನ್ನಿನ ಸಣ್ಣ ಸಣ್ಣ ಶೆಡ್ಡುಗಳು. ನಮ್ಮ ಬೀದಿಯಲ್ಲಿ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರೊಬ್ಬರಿದ್ದಾರೆ. ಪ್ರಿಂಟರಿನ ಕತೆಯನ್ನು ಕೇಳಿ ಅವರು, “ಅಲ್ಲ ಮೇಷ್ಟ್ರೆ, ಬೋಲ್ಟು ಮಾರ್ತೀನಿ, ಥ್ರೆಡ್ ಅಳತೆ ಹೇಳಲ್ಲ ಅಂದ್ರೆ ಹೆಂಗೆ? ಅಂಥ ಬೋಲ್ಟು ನಮ್ಮ ಸ್ಟೋರಿನೊಳಕ್ಕೆ ಬಿಡ್ತಾನೇ ಇರ್ಲಿಲ್ಲ” ಎಂದರು. ನಟ್ಟು ಬೋಲ್ಟುಗಳ ಇತಿಹಾಸ ಅವರಿಗೆ ಬಾಯಿಪಾಠ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ಥ್ ೧೮೪೧ರಲ್ಲಿ ಥ್ರೆಡ್ಡಿಗೆ ೫೫ ಡಿಗ್ರಿಯ ಕೋನವನ್ನು ಸೂಚಿಸಿದ. ಅಮೆರಿಕದ ವಿಲಿಯಂ ಸೆಲರ್ಸ್ ೧೮೬೪ರಲ್ಲಿ ೬೦ ಡಿಗ್ರಿ ಎಂದ. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳೇ ಆದರೂ ಒಬ್ಬರ ಬೋಲ್ಟು ಇನ್ನೊಬ್ಬರ ನಟ್ಟಿಗೆ ಕೂರದೆ ಪಟ್ಟ ಪಾಡು ಸಾಕಾಗಿ, ೧೯೪೮ರ ನವೆಂಬರಿನಲ್ಲಿ ಅಮೆರಿಕ, ಬ್ರಿಟನ್, ಕೆನಡಾಗಳು ಒಂದೇ ಅಳತೆಗೆ ಒಪ್ಪಿದವು. ಒಪ್ಪಲು ಸಾಧ್ಯವಾದದ್ದು ಎರಡು ಅಳತೆಗಳೂ ಅಚ್ಚಾಗಿ ಎಲ್ಲರ ಮೇಜಿನ ಮೇಲೆ ಇದ್ದುದರಿಂದ ಎಂಬುದನ್ನು ಮರೆಯಬಾರದು.

ಆದರೆ ತಯಾರಕನ ಪರವಾಗಿಯೂ ಹೇಳಬೇಕಾದ ಮಾತಿದೆ. ಪ್ರತಿಯೊಂದು ವ್ಯವಸ್ಥೆಗೂ ಡ್ರೈವರು ಬರೆದುಕೊಡು ಎಂದು ಅವನನ್ನು ನಿರ್ಬಂಧಿಸಲಾಗದು. ಅವನು ಅಂಗಡಿಯವನು, ನೂರರಲ್ಲಿ ನಾಲ್ಕು ಜನಕ್ಕಾಗಿ ಸಂಬಳ ಕೊಟ್ಟು ಆಳಿಡಲಾರೆ ಎಂದರೆ ಅದು ಒಪ್ಪತಕ್ಕ ಮಾತು. ತನ್ನ ಯಂತ್ರದ ಜಾಣ್ಮೆಯೆಲ್ಲ ಆ ಗುಟ್ಟಿನಲ್ಲಿದೆ, ಹೇಳಿದರೆ ಎದುರಾಳಿ ಕದಿಯುತ್ತಾನೆ ಎಂದರೂ ಕಿವಿಗೊಡಬೇಕು. ರೇಡಿಯೋ ಅಲೆಗಳ ವಿಷಯದಲ್ಲಿ ಸರಕಾರಗಳ ಕಟ್ಟಳೆ ಇದೆ, ಬಳಕೆದಾರನ ಕೈಗೆ ಎಲ್ಲವನ್ನೂ ಕೊಟ್ಟರೆ ಅವನು ಮಿತಿಮೀರಿ ಪ್ರಸಾರ ಮಾಡಿಯಾನು ಎಂಬ ಅಂಜಿಕೆಯೂ ಪೂರ್ತಿ ಸುಳ್ಳಲ್ಲ. ಇಷ್ಟನ್ನೂ ಒಪ್ಪಿದಮೇಲೆ ಉಳಿಯುವುದೇನು? ನೆರವಾಗುವ ಕರ್ತವ್ಯ ಬೇರೆ, ಅಡ್ಡಬಾರದಿರುವ ಕರ್ತವ್ಯ ಬೇರೆ ಎಂಬುದು ಉಳಿಯುತ್ತದೆ. ನೀನು ಡ್ರೈವರು ಬರೆಯಬೇಡ; ಯಂತ್ರವನ್ನು ಹೇಗೆ ಕೂಗಿದರೆ ಓಗೊಡುತ್ತದೆ ಎಂಬುದನ್ನಷ್ಟು ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯೊಳಗಿಡು. ಯಂತ್ರದ ಒಳಗಿನ ಜಾಣ್ಮೆ ನಿನಗಿರಲಿ. ಬಾಗಿಲು ತಟ್ಟುವ ಬಗೆ ಮಾತ್ರ ನನಗೆ ಬೇಕು. ನಾನು ಹಣ ಕೊಟ್ಟದ್ದು ಬಾಗಿಲಿಲ್ಲದ ಮನೆಗಲ್ಲ. ಇನ್ನು ರೇಡಿಯೋ ಕಟ್ಟಳೆಯ ಮಾತು: ಏಥರಾಸ್ ಬಳಗದ ಕೆಲವು ಯು.ಎಸ್.ಬಿ. ವೈಫೈ ಚಿಪ್ಪುಗಳ ಫರ್ಮ್‌ವೇರಿನ ಮೂಲವೇ ೨೦೧೩ರಲ್ಲಿ ಬಹಿರಂಗವಾಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಈ ಪ್ರಶ್ನೆಯನ್ನು ಮೊದಲು ನೀತಿಯ ಪ್ರಶ್ನೆಯಾಗಿ ಎತ್ತಿದವನಿಗೂ ಅದು ಹೊಳೆದದ್ದು ಪ್ರಿಂಟರಿನಿಂದಲೇ. ಅಮೆರಿಕದ ಎಂ.ಐ.ಟಿ.ಯ ಪ್ರಯೋಗಶಾಲೆಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ತರುಣ ಕೆಲಸಕ್ಕಿದ್ದ. ಅಲ್ಲಿಯ ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಕಾದು ಕುಳಿತವರಿಗೆ ಸುದ್ದಿ ಹೋಗುವಂತೆ ಅವನು ಅದರ ತಂತ್ರಾಂಶವನ್ನು ತಿದ್ದಿದ್ದ. ಆಮೇಲೆ ಜೆರಾಕ್ಸ್ ಕಂಪನಿಯವರು ಹೊಸ ಲೇಸರ್ ಪ್ರಿಂಟರನ್ನು ಕೊಟ್ಟರು. ಅದರ ತಂತ್ರಾಂಶದ ಮೂಲವನ್ನು ಕೊಡಲಿಲ್ಲ. ಸುಮಾರು ೧೯೮೦ರ ಮಾತು. ಆ ಮೂಲ ಇನ್ನೊಂದು ವಿಶ್ವವಿದ್ಯಾಲಯದ ಸಂಶೋಧಕನೊಬ್ಬನ ಬಳಿ ಇದೆಯೆಂದು ತಿಳಿದು ಸ್ಟಾಲ್‌ಮನ್ ಹೋಗಿ ಕೇಳಿದ. ಆತ ಕೊಡಲಿಲ್ಲ, ಯಾರಿಗೂ ಕೊಡುವುದಿಲ್ಲವೆಂದು ಕಂಪನಿಗೆ ಮಾತು ಕೊಟ್ಟುಬಿಟ್ಟಿದ್ದ. ೧೯೮೩ರ ಸೆಪ್ಟೆಂಬರ್ ೨೭ರಂದು ಸ್ಟಾಲ್‌ಮನ್ ಗ್ನು ಎಂಬ ಮುಕ್ತ ವ್ಯವಸ್ಥೆಯನ್ನು ಕಟ್ಟುವುದಾಗಿ ಸಾರಿದ.

ಆ ಸಂಶೋಧಕ ಮಾತಿಗೆ ತಪ್ಪಲಿಲ್ಲ ಎಂಬುದನ್ನು ಗಮನಿಸಬೇಕು. ಪುಣ್ಯಕೋಟಿಯ ಕತೆಯನ್ನು ಕೇಳುತ್ತ ಬೆಳೆದ ನಮಗೆ ಮಾತು ಉಳಿಸಿಕೊಂಡವನ ಮೇಲೆ ತಟ್ಟನೆ ಗೌರವ ಹುಟ್ಟುತ್ತದೆ. ಆದರೆ ಪುಣ್ಯಕೋಟಿ ಕೊಟ್ಟ ಮಾತಿಗೆ ಬೆಲೆ ತೆರಲು ಹೊರಟದ್ದು ತನ್ನ ಮಾಂಸದಿಂದ. ಇಲ್ಲಿ ಮಾತು ಕೊಟ್ಟವನೊಬ್ಬ, ಬೆಲೆ ತೆತ್ತವರು ಕಾಗದ ಸಿಕ್ಕಿಕೊಂಡ ಪ್ರಿಂಟರಿನ ಮುಂದೆ ನಿಂತವರು. ಬೇರೆಯವರ ಗಂಟಿನಿಂದ ತೀರಿಸತಕ್ಕ ಮಾತನ್ನು ಕೊಡುವ ಅಧಿಕಾರ ಒಬ್ಬನಿಗೆ ಉಂಟೆ? ಕರುವನ್ನು ಹುಲಿಗೆ ಕೊಡುತ್ತೇನೆಂದು ಪುಣ್ಯಕೋಟಿ ಮಾತು ಕೊಟ್ಟು, ಅದನ್ನು ಚಾಚೂ ತಪ್ಪದೆ ನಡೆಸಿದ್ದರೆ ನಮ್ಮ ಹೆಣ್ಣುಮಕ್ಕಳು ಅದನ್ನು ಹಾಡುತ್ತಿರಲಿಲ್ಲ. ಗುಟ್ಟು ಕಾಯುವ ಕರಾರುಗಳಿಗೆಲ್ಲ ಈ ಪರೀಕ್ಷೆಯನ್ನು ಒಡ್ಡಿ ನೋಡುವುದು ಒಳ್ಳೆಯದೆಂದು ನನಗೆ ತೋರುತ್ತದೆ.

ಲಿನಕ್ಸಿಗೆ ಹೊಂದಾಣಿಕೆಯ ತೊಂದರೆ ಹುಟ್ಟಿನೊಡನೆ ಬಂದದ್ದು. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ೧೯೯೧ರ ಆಗಸ್ಟ್ ೨೫ರಂದು ತನ್ನ ಕೆಲಸವನ್ನು ಪ್ರಕಟಪಡಿಸಿದಾಗ, ತನ್ನ ಬಳಿ ಇರುವ ಬಗೆಯ ಡಿಸ್ಕನ್ನು ಬಿಟ್ಟು ಬೇರೆಯದರ ಮೇಲೆ ಇದು ಬಹುಶಃ ಎಂದೂ ನಡೆಯಲಾರದು ಎಂದು ತಾನೇ ಬರೆದಿದ್ದ. (ಕನ್ನಡ ಲಿಪಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಸ್ಥಾನ ಪಡೆದದ್ದೂ ಅದೇ ವರ್ಷ. ಎರಡು ಕೂಸುಗಳೂ ಒಂದೇ ವಯಸ್ಸಿನವು.) ಅದು ಆಮೇಲೆ ಸಾವಿರಾರು ಯಂತ್ರಗಳ ಮೇಲೆ ನಡೆದದ್ದು ಹೇಗೆ? ಕೆಲವು ಕಂಪನಿಗಳು ತಾವಾಗಿ ಕೈಜೋಡಿಸಿದವು. ಉಳಿದ ಕಡೆ, ಬಾಗಿಲ ಹೊರಗೆ ಕುಳಿತು ಒಳಗಿನ ಮಾತನ್ನು ಆಲಿಸಿ ಆಲಿಸಿ ಅರ್ಥ ಮಾಡಿಕೊಂಡವರು ಇದ್ದರು.

ಈ ಕೆಲಸವನ್ನು ನೋಡಿದಾಗ ನನಗೆ ಶಾಸನ ಓದುವವರು ನೆನಪಾಗುತ್ತಾರೆ. ಜೇಮ್ಸ್ ಪ್ರಿನ್ಸೆಪ್ ೧೮೩೭ರಲ್ಲಿ ಬ್ರಾಹ್ಮಿಯ ಗಂಟನ್ನು ಬಿಡಿಸಿದ್ದು ಹೀಗೆಯೇ ಅಲ್ಲವೆ? ಕೊನೆಯಲ್ಲಿ ಮತ್ತೆ ಮತ್ತೆ ಬರುವ ಅಕ್ಷರಗಳು ಯಾವುವು, ಅವು ದಾನ ಎಂಬ ಮಾತಾಗಿರಬಹುದೆ ಎಂದು ಊಹಿಸಿ, ಊಹೆಯನ್ನು ಇನ್ನೊಂದು ಕಲ್ಲಿನ ಮೇಲೆ ಪರೀಕ್ಷಿಸಿ. ಅವನು ಬಿಡಿಸಿಟ್ಟ ಲಿಪಿಯಿಂದಲೇ ಬಿ. ಎಲ್. ರೈಸರು ೧೮೯೨ರಲ್ಲಿ ಬ್ರಹ್ಮಗಿರಿಯ ಕಡೆ ಅಶೋಕನ ಶಾಸನಗಳನ್ನು ಕಂಡಾಗ ಅದು ಅಶೋಕನದೆಂದು ತಿಳಿಯಲು ಸಾಧ್ಯವಾಯಿತು. ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್ಪುಗಳ ಮಾತನ್ನು ಬಿಡಿಸಿದವರು ಇನ್ನೂ ಒಂದು ಕಟ್ಟುಪಾಡನ್ನು ತಮಗೆ ತಾವೇ ಹಾಕಿಕೊಂಡರು. ಒಂದು ಗುಂಪು ಹಳೆಯ ಡ್ರೈವರನ್ನು ಶೋಧಿಸಿ, ಚಿಪ್ಪು ಹೇಗೆ ವರ್ತಿಸುತ್ತದೆ ಎಂದು ಬರಿಯ ವಿವರಣೆ ಬರೆಯುವುದು. ಇನ್ನೊಂದು ಗುಂಪು ಆ ವಿವರಣೆಯನ್ನಷ್ಟೇ ಓದಿ, ಮೂಲವನ್ನು ಕಣ್ಣೆತ್ತಿಯೂ ನೋಡದೆ, ಹೊಸದಾಗಿ ಡ್ರೈವರು ಬರೆಯುವುದು. ಕದ್ದರೆಂಬ ಮಾತು ಬರಬಾರದೆಂದು. ಸಂಬಳವಿಲ್ಲದ ಕೆಲಸದಲ್ಲಿ ಇಷ್ಟು ಮಡಿ! ೨೦೧೦ರ ಸೆಪ್ಟೆಂಬರಿನಲ್ಲಿ ಅದೇ ಕಂಪನಿ ತನ್ನ ಕೆಲವು ಹೊಸ ಚಿಪ್ಪುಗಳಿಗೆ ತಾನೇ ಮುಕ್ತ ಡ್ರೈವರನ್ನು ಕೊಟ್ಟಿತು. ಎನ್‌ವಿಡಿಯಾದ ಚಿತ್ರಫಲಕಗಳಿಗೂ ‘ನೂವೋ’ ಎಂಬ ಹೆಸರಿನಲ್ಲಿ ಹೀಗೇ ಹೊರಗಿನಿಂದ ಆಲಿಸಿ ಡ್ರೈವರು ಬರೆದರು. ೨೦೧೨ರಲ್ಲಿ ಟೊರ್ವಾಲ್ಡ್ಸ್ ಫಿನ್ಲೆಂಡಿನ ಸಭೆಯೊಂದರಲ್ಲಿ ಆ ಕಂಪನಿಯನ್ನು ಇಲ್ಲಿ ಬರೆಯಲಾಗದ ಮಾತಿನಿಂದ ಬೈದ. ೨೦೨೨ರ ಮೇ ತಿಂಗಳಿನಲ್ಲಿ ಕಂಪನಿ ಕರ್ನಲ್ಲಿಗೆ ಸೇರುವ ಭಾಗದ ಮೂಲವನ್ನು ಬಿಟ್ಟುಕೊಟ್ಟಿತು. ಬೈಗುಳಕ್ಕೆ ಹತ್ತು ವರ್ಷದ ಮೇಲೆ ಫಲ ಬಂತೋ, ವ್ಯಾಪಾರಕ್ಕೆ ಅನುಕೂಲವೆಂದು ತೋರಿತೋ, ಹೇಳುವುದು ಕಷ್ಟ.

ಮುಚ್ಚಿಟ್ಟ ಗುಟ್ಟು ಮುಚ್ಚಿಟ್ಟವನೊಡನೆ ಸಾಯುತ್ತದೆ ಎಂಬುದಕ್ಕೆ ಮೈಸೂರಿನವರಿಗೆ ದೂರದ ಉದಾಹರಣೆ ಬೇಡ. ತಂಜಾವೂರು ಕಡೆಯ ಪಂಡಿತರೊಬ್ಬರು ಮನೆಯಲ್ಲಿದ್ದ ತಾಳೆಗರಿಯ ಕಟ್ಟನ್ನು ತಂದು ಇಲ್ಲಿಯ ಪ್ರಾಚ್ಯ ಗ್ರಂಥಾಲಯಕ್ಕೆ ಕೊಡದೆ ಇದ್ದಿದ್ದರೆ, ಆರ್. ಶಾಮಾಶಾಸ್ತ್ರಿಗಳು ೧೯೦೫ರಲ್ಲಿ ಅದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಕಾಣುತ್ತಿರಲಿಲ್ಲ, ೧೯೦೯ರಲ್ಲಿ ಅದು ಅಚ್ಚಾಗುತ್ತಲೂ ಇರಲಿಲ್ಲ. ಆ ಪಂಡಿತರಿಗೆ ಅದನ್ನು ಅಟ್ಟದ ಮೇಲೇ ಇಟ್ಟುಕೊಳ್ಳುವ ಹಕ್ಕು ಪೂರ್ತಿಯಾಗಿ ಇತ್ತು. ಅವರು ಆ ಹಕ್ಕನ್ನು ಬಳಸಲಿಲ್ಲ.

ಇನ್ನು ಮಡಿಯ ಮಾತಿಗೆ ಬರುತ್ತೇನೆ. ನನ್ನನ್ನು ಹೆಚ್ಚು ಕಾಡಿದ್ದು ಇದೇ. ಆ ಎರಡು ಯಂತ್ರಗಳ ವೈಫೈಗೆ ನಾವು ತುಂಬಿದ ಗಂಟು ಮುಕ್ತವಲ್ಲ. ಅದರೊಳಗೆ ಏನಿದೆಯೋ ನಾನು ಬಲ್ಲೆನೆಂದು ಹೇಳಲಾರೆ, ಹುಡುಗನೂ ಹೇಳಲಾರ. ಸ್ವಾತಂತ್ರ್ಯಕ್ಕಾಗಿ ಈ ದಾರಿ ಹಿಡಿದವನು ಬಾಗಿಲಲ್ಲೇ ಇಂಥದೊಂದನ್ನು ಒಳಗೆ ಬಿಟ್ಟುಕೊಂಡರೆ ಹಿಡಿದ ದಾರಿಗೆ ಅರ್ಥವೇನು? ಕಟ್ಟುನಿಟ್ಟಿನವರು, ಅಂಥ ಚಿಪ್ಪನ್ನೇ ಕಿತ್ತೆಸೆಯಿರಿ ಎನ್ನುತ್ತಾರೆ. ವಿಚಿತ್ರವೆಂದರೆ ಅದೇ ಫರ್ಮ್‌ವೇರು ಎಂದೂ ಬದಲಾಗದಂತೆ ಚಿಪ್ಪಿನೊಳಗೇ ಕೊರೆದು ಬಂದಿದ್ದರೆ ಅವರ ಆಕ್ಷೇಪಣೆ ಇಲ್ಲ. ಆಗ ಅದು ತಂತಿಗಳ ಜೋಡಣೆಗೆ ಸಮಾನವಂತೆ. ಈ ವಾದದಲ್ಲಿ ತರ್ಕವಿಲ್ಲದೆ ಇಲ್ಲ. ತಯಾರಕನೂ ತಿದ್ದಲಾರದ್ದನ್ನು ನಾನು ತಿದ್ದಲಾರದೆ ಹೋದರೆ ಅವನು ನನಗಿಂತ ಮೇಲೆ ನಿಂತಂತಾಗಲಿಲ್ಲ. ಆದರೂ ಹುಳಿಯಲ್ಲಿ ಕರಗಿ ಕಣ್ಣಿಗೆ ಕಾಣದಾದ ಈರುಳ್ಳಿಗೆ ದೋಷವಿಲ್ಲ, ಎಲೆಯ ಕೊನೆಗೆ ಬಡಿಸಿದ್ದಕ್ಕೆ ಮಾತ್ರ ದೋಷ ಎಂದಂತೆ ನನಗೆ ಕೇಳಿಸುತ್ತದೆ.

ಡೆಬಿಯನ್ ಎಂಬ ಬಳಗ ೧೯೯೩ರಿಂದ ಲಿನಕ್ಸಿನ ಒಂದು ರೂಪವನ್ನು ಸಿದ್ಧಪಡಿಸಿ ಹಂಚುತ್ತಿದೆ. ತಾವು ಕೊಡುವುದೆಲ್ಲ ಮುಕ್ತವಾಗಿಯೇ ಇರುತ್ತದೆ ಎಂದು ೧೯೯೭ರಲ್ಲಿ ಅವರು ಲೋಕಕ್ಕೆ ಒಪ್ಪಂದ ಬರೆದುಕೊಟ್ಟರು. ಆ ಒಪ್ಪಂದದಿಂದಾಗಿ ಅವರ ಸ್ಥಾಪನೆಯ ಮುಖ್ಯ ಡಿಸ್ಕಿನಲ್ಲಿ ಈ ಗಂಟುಗಳು ಇರುತ್ತಿರಲಿಲ್ಲ; ಹೊಸಬರು ವೈಫೈ ಇಲ್ಲದೆ ಪರದಾಡುತ್ತಿದ್ದರು. ೨೦೨೨ರಲ್ಲಿ ಬಳಗದವರು ವಾದ ಮಾಡಿ, ಮತ ಹಾಕಿ, ಒಪ್ಪಂದಕ್ಕೇ ಒಂದು ವಾಕ್ಯ ಸೇರಿಸಿ, ಯಂತ್ರ ನಡೆಯಲು ಬೇಕಾದ ಫರ್ಮ್‌ವೇರನ್ನು ಡಿಸ್ಕಿನಲ್ಲಿ ಇಡಬಹುದೆಂದು ತೀರ್ಮಾನಿಸಿದರು. ೨೦೨೩ರ ಜೂನಿನಲ್ಲಿ ಬಂದ ಅವರ ಹನ್ನೆರಡನೆಯ ಆವೃತ್ತಿ ಹಾಗೆ ಬಂತು. ಆದರೆ ಆ ಗಂಟುಗಳನ್ನು ಮುಕ್ತವಾದುವುಗಳ ಜೊತೆ ಬೆರೆಸಲಿಲ್ಲ. ಮುಕ್ತವಲ್ಲದ ಫರ್ಮ್‌ವೇರ್ ಎಂದು ಹೆಸರಿಟ್ಟು ಬೇರೆ ಗೂಡಿನಲ್ಲಿ ಇಟ್ಟರು.

ಅವರು ಮಾಡಿದ್ದು ಸರಿ ಎಂದು ನಾನು ಭಾವಿಸುತ್ತೇನೆ. ಮೂರನೆಯ ಯಂತ್ರಕ್ಕೆ ನಾವು, ಮುಕ್ತ ಫರ್ಮ್‌ವೇರಿನ ಚಿಪ್ಪು ಇರುವ ಸಣ್ಣದೊಂದು ಯು.ಎಸ್.ಬಿ. ಕಡ್ಡಿಯನ್ನು ಹುಡುಕಿ ಕೊಂಡೆವು; ಕೊಳ್ಳಲು ನನ್ನ ಜೇಬಿನಲ್ಲಿ ಹಣವಿತ್ತು, ಹುಡುಕಲು ಹುಡುಗನಿಗೆ ವಿದ್ಯೆ ಇತ್ತು. ಅಣ್ಣನೋ ಮಾವನೋ ಬಳಸಿ ಕೊಟ್ಟ ಹಳೆಯ ಲ್ಯಾಪ್‌ಟಾಪ್ ಹೊತ್ತು ಹಳ್ಳಿಯಿಂದ ಬರುವ ಹುಡುಗಿಗೆ ಈ ಎರಡೂ ಇಲ್ಲ. ಆಯ್ಕೆ ಉಳ್ಳವನ ಮಡಿಗೆ ಖರ್ಚು ಕಡಮೆ. ಅದನ್ನು ಆಯ್ಕೆ ಇಲ್ಲದವರ ಮೇಲೆ ಹೇರಿದರೆ ಅವರು ಹೊರಗೇ ಉಳಿಯುತ್ತಾರೆ. ಹೊರಗುಳಿಯುವುದು ಎಂಬ ಮಾತಿಗೆ ನಮ್ಮ ಸಮಾಜದಲ್ಲಿ ಇರುವ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಂದು, ಇಷ್ಟೆಲ್ಲ ನೋಡುತ್ತ ಕೂತರೆ ಆಗುತ್ತದೆಯೇ, ನಡೆದರೆ ಸಾಕು ಎನ್ನುವ ಪಕ್ಷಕ್ಕೂ ನಾನು ಸೇರಲಾರೆ. ಬೆಸೆದದ್ದು ಯಾವುದು, ಬೆರೆಸಿದ್ದು ಯಾವುದು ಎಂದು ಚೀಟಿ ಅಂಟಿಸುವುದಿದೆಯಲ್ಲ, ಡೆಬಿಯನ್ನಿನವರ ಹಿರಿಮೆ ಅಲ್ಲಿದೆ. ರಾಜಿ ಮಾಡಿಕೊಳ್ಳುವವನಿಗೂ ತಾನು ರಾಜಿ ಮಾಡಿಕೊಂಡದ್ದು ಇಷ್ಟು ಎಂಬ ಲೆಕ್ಕ ಗೊತ್ತಿರಬೇಕು.

ಬಿಟ್ಟಿಯಾಗಿ ಬಂದ ವ್ಯವಸ್ಥೆಯ ಮೇಲೆ ದೂರು ಹೇಳಬಹುದೇ ಎಂಬುದು ಇನ್ನೊಂದು ಸಣ್ಣ ಪ್ರಶ್ನೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ. ಯಾವುದೋ ದೇಶದಲ್ಲಿ ರಾತ್ರಿ ನಿದ್ದೆಗೆಟ್ಟು ಡ್ರೈವರು ಬರೆದವನನ್ನು, ನನ್ನ ಸ್ಕ್ಯಾನರು ಏಕೆ ನಡೆಯುವುದಿಲ್ಲ ಎಂದು ಗದರುವ ಹಕ್ಕು ನನಗಿಲ್ಲ. ಆದರೆ ಮೊಳ ಹಾಕುವುದರಲ್ಲಿಯೂ ಎರಡು ಬಗೆ. ಎಲ್ಲಿ ನಿಂತಿತು, ಯಾವ ಸಂಖ್ಯೆಯ ಚಿಪ್ಪು, ಕರ್ನಲ್ಲು ದಿನಚರಿಯಲ್ಲಿ ಏನು ಬರೆದಿತ್ತು ಎಂದು ಕೂಲಂಕಷವಾಗಿ ಅಳೆದು ಕೊಟ್ಟವರಿಗೇ ತಿಳಿಸಿದರೆ ಮುಂದಿನ ದಟ್ಟಿ ಸರಿಯಾಗಿ ಬರುತ್ತದೆ. ಈ ಲೋಕದಲ್ಲಿ ದೂರೂ ಒಂದು ಕಾಣಿಕೆ. ನಮ್ಮ ಹುಡುಗ ಎರಡು ಕಳಿಸಿದ್ದಾನೆ.

ಕನ್ನಡದವರು ಕೇವಲ ಪರರನ್ನು ದೂರಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಿಂದ ಕನ್ನಡದ ಬೆರಳಚ್ಚಿಗೆ ಆದ ಉಪಕಾರ ದೊಡ್ಡದು. ಆದರೆ ಅದು ಬಹುಕಾಲ ಒಂದೇ ಆಪರೇಟಿಂಗ್ ಸಿಸ್ಟಮಿನ ಮೇಲೆ ನಡೆಯುವಂಥದಾಗಿತ್ತು. ಅದರ ಹಳೆಯ ಅಕ್ಷರಶೈಲಿಗಳಲ್ಲಿ ರೋಮನ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದರು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಅಜ್ಜಿಯ ಸೋಬಾನೆ ಪದದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ನಮ್ಮ ಏಳು ಯಂತ್ರಗಳಲ್ಲೂ ಮೊದಲ ದಿನ ಕಂಡದ್ದು ಅದೇ. ಅದನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳನ್ನು ಕನ್ನಡದ ಹುಡುಗರೇ ಬರೆದು ಬಯಲಿನಲ್ಲಿ ಇಟ್ಟಿದ್ದಾರೆ. ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಶೈಲಿಗಳೂ ಇವೆ. ಹಾಡುಗಳು ಮರಳಿ ಬಂದವು. ಅರ್ಕಾವೊತ್ತುಗಳಲ್ಲಿ ಆದ ಎಡವಟ್ಟನ್ನು ವಿದ್ಯಾರ್ಥಿಗಳು ಈಗ ಕೂತು ತಿದ್ದುತ್ತಿದ್ದಾರೆ. ಕೀಲಿಮಣೆಯ ಕತೆ ಮಾತ್ರ ಸುಖಾಂತ. ಅದರ ವಿನ್ಯಾಸ ಎಲ್ಲರಿಗೂ ಗೊತ್ತಿದ್ದುದರಿಂದ ಯಾರೋ ಪುಣ್ಯಾತ್ಮರು ಅದನ್ನು ಲಿನಕ್ಸಿಗೂ ಅಳವಡಿಸಿದ್ದಾರೆ. ಬೆರಳುಗಳು ಹೊಸ ಪಾಠ ಕಲಿಯಬೇಕಾಗಲಿಲ್ಲ.

ಒಬ್ಬ ಮೇಷ್ಟ್ರು ಬರೆದ ಕಾಗದಕ್ಕೆ ಕಂಪನಿ ಕಿವಿಗೊಡದಿರಬಹುದು. ಸಾವಿರಾರು ಶಾಲೆಗಳಿಗೆ ಒಟ್ಟಿಗೆ ಕೊಳ್ಳುವವನ ಮಾತಿಗೆ ಕೊಡದೆ ವಿಧಿಯಿಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಮುಕ್ತ ತಂತ್ರಾಂಶದ ಮೇಲೆಯೇ ಕಲಿಯುತ್ತಾರೆ. ೨೦೧೮ರಲ್ಲಿ ಅಲ್ಲಿ ೪೫,೦೦೦ ತರಗತಿಗಳಿಗೆ ಕಂಪ್ಯೂಟರು, ಪ್ರೊಜೆಕ್ಟರುಗಳನ್ನು ಒದಗಿಸುವ ಯೋಜನೆ ನಡೆದಾಗಲೂ ಅದನ್ನು ಬಿಡಲಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ. ಕೊಳ್ಳುವ ಮೊದಲೇ, ಇದು ನಮ್ಮ ವ್ಯವಸ್ಥೆಯ ಮೇಲೆ ನಡೆಯುತ್ತದೆಯೇ ಎಂದು ಕೇಳುವ ಅಭ್ಯಾಸ ಗಡಿಯ ಆಚೆ ಇರುವ ಕನ್ನಡದ ಮಗುವಿನ ಶಾಲೆಗೆ ಸಾಧ್ಯವಾದರೆ ಗಡಿಯ ಈಚೆ ಏಕೆ ಸಾಧ್ಯವಾಗಬಾರದು ಎಂದು ನಮ್ಮ ಸ್ಟಾಫ್‌ರೂಮಿನಲ್ಲಿ ಕೇಳಿದೆ. ಟೆಂಡರಿನ ನಿಯಮಗಳು ಗೊತ್ತಿಲ್ಲದವರ ಮಾತು ಎಂದು ಒಬ್ಬ ಮಿತ್ರರು ನಕ್ಕರು. ಕಾಫಿ ಬಂತು.

ಪ್ರಿಂಟರು ಮೇಜಿನ ಮೇಲೆ ಹಾಗೆಯೇ ಇದೆ. ದಾಸ್ತಾನು ಪರಿಶೀಲನೆಗೆ ಬಂದ ನಮ್ಮ ಗುಮಾಸ್ತರ ಪಟ್ಟಿಯಲ್ಲಿ ಮೂರು ಕಲಮುಗಳಿದ್ದವು: ಸುಸ್ಥಿತಿ, ದುರಸ್ತಿ, ನಿರುಪಯುಕ್ತ. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಪರೀಕ್ಷೆಯ ಪುಟ ಅಚ್ಚುಕಟ್ಟಾಗಿ ಬರುತ್ತದೆ; ಆದ್ದರಿಂದ ನಿರುಪಯುಕ್ತ ಎನ್ನಲಾಗದು. ಕೆಟ್ಟದ್ದೇನೂ ಇಲ್ಲವಾದ್ದರಿಂದ ದುರಸ್ತಿಗೂ ಸೇರದು. “ಯಾವುದಕ್ಕೆ ಟಿಕ್ ಹಾಕಲಿ ಸಾರ್?” ಎಂದು ಅವರು ಪೆನ್ನು ಹಿಡಿದು ನಿಂತರು. ಷರಾ ಕಲಮಿನಲ್ಲಿ ಬರೆದುಕೊಳ್ಳಿ ಎಂದು ಹೇಳಿದೆ: ‘ಯಂತ್ರ ಸರಿಯಾಗಿದೆ, ಮಾತನಾಡಿಸುವ ಬಗೆಯನ್ನು ಮಾರಿದವರು ತಿಳಿಸಿರುವುದಿಲ್ಲ.’ ಅವರು ಒಂದು ಕ್ಷಣ ನನ್ನ ಮುಖ ನೋಡಿ, ಹಾಗೆಯೇ ಬರೆದುಕೊಂಡರು. ಆಡಿಟ್ಟಿನವರು ಏನೆನ್ನುತ್ತಾರೋ ನೋಡಬೇಕು.